ಮೊದಲು ಹಾಸಿಗೆ, ಆಮೇಲೆ ಬೆಟ್ಟ: ದಸರಾ ಹೊತ್ತಿನ ಗುಂಪು ಕ್ಯಾಂಪಿಂಗ್‌ಗೆ ಏನು, ಎಲ್ಲಿ, ಯಾವಾಗ?

ಕರ್ನಾಟಕದಲ್ಲಿ ಬೆಟ್ಟದ ತುದಿಯಲ್ಲಿ ಟೆಂಟ್ ಹಾಕಿ ಮಲಗೋದು ಇವತ್ತು ಬಹುತೇಕ ಕಡೆ ಆಗದ ಮಾತು. ಕುದುರೆಮುಖ ಇರೋದು ರಾಷ್ಟ್ರೀಯ ಉದ್ಯಾನದೊಳಗೆ. ಕುಮಾರ ಪರ್ವತ ಪುಷ್ಪಗಿರಿ ಅಭಯಾರಣ್ಯಕ್ಕೆ ಸೇರಿದ್ದು, ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯಕ್ಕೆ. ಬೆಳಿಗ್ಗೆ ಹತ್ತಿ, ಕತ್ತಲಾಗೋದರೊಳಗೆ ಇಳಿದು ಬರಬೇಕು. ಆದರೂ ದಸರಾ ರಜೆ ಹತ್ತಿರ ಬಂತು ಅಂದ್ರೆ ವಾಟ್ಸಾಪ್ ಗುಂಪಿನಲ್ಲಿ ಮೊದಲು ಏಳುವ ಪ್ರಶ್ನೆ 'ಯಾವ ಬೆಟ್ಟ?' ಅಂತಲೇ. ಮೂರು ದಿನ ಅದರ ಮೇಲೆ ಚರ್ಚೆ ಆಗುತ್ತೆ. ನಾಲ್ಕನೇ ದಿನ ಯಾರೋ 'ಅಲ್ಲಿ ಟೆಂಟ್ ಹಾಕೋಕೆ ಬಿಡ್ತಾರಾ?' ಅಂತ ಕೇಳ್ತಾರೆ. ಎಲ್ಲ ಮತ್ತೆ ಮೊದಲಿಂದ ಶುರು.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ. ರಾತ್ರಿ ಎಲ್ಲಿ ಮಲಗೋದು ಅನ್ನೋದನ್ನ ಮೊದಲು ತೀರ್ಮಾನಿಸಿ, ಅಲ್ಲಿಂದ ಒಂದು ಗಂಟೆ ಹಾದಿಯಲ್ಲಿ ಇರುವ ಬೆಟ್ಟವನ್ನು ಆಮೇಲೆ ಆರಿಸಿ. ಇಬ್ಬರು ಮೂವರು ಹೋಗುವಾಗ ಹೇಗೋ ನಡೆಯುತ್ತದೆ. ಹತ್ತು ಹನ್ನೆರಡು ಜನ ಅಂದ್ರೆ ಪ್ರವಾಸ ಚೆನ್ನಾಗಾಯ್ತೋ ಇಲ್ಲವೋ ಅನ್ನೋದನ್ನ ನಿರ್ಧರಿಸೋದು ಶಿಖರ ಅಲ್ಲ. ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗಿನ ಹೊತ್ತು.

ಯಾವ ವಾರ?

ಇದಕ್ಕೆ ರೈತರ ಮಳೆ ನಕ್ಷತ್ರದ ಲೆಕ್ಕ ಹಿಡಿದರೆ ಸುಲಭ. ಸೆಪ್ಟೆಂಬರ್ ಮಧ್ಯದಿಂದ ಉತ್ತರೆ ಮಳೆ. 27ರ ಹೊತ್ತಿಗೆ ಹಸ್ತಾ. ಅಕ್ಟೋಬರ್ 10–11ರಿಂದ ಚಿತ್ತಾ, 24ರ ಆಸುಪಾಸಿನಿಂದ ಸ್ವಾತಿ. ಹವಾಮಾನ ಇಲಾಖೆಯ ಲೆಕ್ಕವೂ ಇದಕ್ಕೆ ಹೊಂದುತ್ತದೆ: ನೈಋತ್ಯ ಮುಂಗಾರು ಇಡೀ ದೇಶದಿಂದ ಹಿಂದೆ ಸರಿಯುವ ಸಾಮಾನ್ಯ ದಿನಾಂಕ ಅಕ್ಟೋಬರ್ 15, ಈಶಾನ್ಯ ಹಿಂಗಾರು ಕಾಲಿಡೋದು 20ರ ಸುಮಾರಿಗೆ.

ಉತ್ತರೆಯಲ್ಲಿ ಘಟ್ಟ ಇನ್ನೂ ನೆನೆದು ತೊಪ್ಪೆಯಾಗಿರುತ್ತದೆ. ಹಳ್ಳಗಳು ತುಂಬಿರುತ್ತವೆ, ಇಂಬಳಗಳ ಕಾಟ ಬೇರೆ. ಹಸಿರು ನೋಡಬೇಕು ಅಂದ್ರೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ, ನಿಜ. ಆದರೆ ಅದು ಹೆಂಚಿನ ಮನೆಯ ಜಗಲಿಯಲ್ಲಿ ಕೂತು ನೋಡುವ ಹಸಿರು, ಟೆಂಟಿನೊಳಗಿಂದ ಅಲ್ಲ. ಹಸ್ತಾ ಒಂದು ಜೂಜು. ಮೂರು ದಿನ ಬಿಸಿಲು, ಒಂದು ರಾತ್ರಿ ಸುರಿಮಳೆ. ಓಡಿ ಹೋಗಿ ಸೇರಿಕೊಳ್ಳಲು ಪಕ್ಕದಲ್ಲೇ ಸೂರು ಇದ್ದರೆ ಮಾತ್ರ ಹೊರಡಿ.

ಮಲೆನಾಡಿಗೆ ನನ್ನ ಓಟು ಚಿತ್ತಾ ಮಳೆಯ ವಾರಗಳಿಗೆ. ಕುರುಡು ಚಿತ್ತೆ ಅಂತ ಹಳ್ಳಿಯಲ್ಲಿ ಬೈದರೂ ಅದು ಬರೋದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗಿ ಮುಗಿಸಿ ಹೋಗುತ್ತದೆ. ಬೆಳಗಿನ ಹೊತ್ತು ತಿಳಿಯಾಗಿರುತ್ತದೆ. ಹುಲ್ಲು ಇನ್ನೂ ಹಸಿರು, ಅಬ್ಬಿಗಳಲ್ಲಿ ನೀರು, ಇಂಬಳ ಕಡಿಮೆಯಾಗುತ್ತಾ ಬಂದಿರುತ್ತದೆ. ಸ್ವಾತಿಯಲ್ಲಿ ಪಶ್ಚಿಮದ ಇಳಿಜಾರು ಇನ್ನೂ ಚೆನ್ನ. ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯ್ತು ಅಂದ್ರೆ ಮೂರು ದಿನ ಜಿಟಿಜಿಟಿ ಹಿಡಿದುಕೊಳ್ಳುತ್ತೆ.

ಜನವರಿಗೆ ಮುಂದೂಡೋಣ ಅನ್ನುವವರು ಗುಂಪಿನಲ್ಲಿ ಇದ್ದೇ ಇರ್ತಾರೆ. ಒಣ ನೆಲ, ನಕ್ಷತ್ರ ತುಂಬಿದ ಆಕಾಶ, ಸರಿ. ಆದರೆ ಶಿವಮೊಗ್ಗ, ಚಿಕ್ಕಮಗಳೂರು ಕಡೆ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳೋದು ಡಿಸೆಂಬರ್‌ನಿಂದ ಮೇ ತನಕ. ಒಣ ಎಲೆಗಳ ನಡುವೆ ಇರುವ ಉಣುಗುಗಳಿಂದ ಅದು ಬರುತ್ತದೆ. ಇಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ಅಷ್ಟೇ. ಉಣುಗಿನದು ಹಾಗಲ್ಲ.

ಇನ್ನು ಬಯಲುಸೀಮೆ. 'ಮಲೆನಾಡಲ್ಲಿ ಮಳೆ ಇರುತ್ತೆ, ಬೆಂಗಳೂರು ಹತ್ತಿರದ ಬೆಟ್ಟ ಸಾಕು' ಅನ್ನುವ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಲೆಕ್ಕ ಉಲ್ಟಾ ಇದೆ. ಬೆಂಗಳೂರಿಗೆ ವರ್ಷದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಅಕ್ಟೋಬರ್ ಕೂಡ ಹಿಂದೆ ಬಿದ್ದಿಲ್ಲ. ಜೊತೆಗೆ ಅದು ಸೋನೆಯಲ್ಲ, ಸಂಜೆ ನಾಲ್ಕರ ಮೇಲೆ ಸಿಡಿಲಿನ ಜೊತೆ ಬರುವ ಮಳೆ. ಸ್ಕಂದಗಿರಿ, ಮಧುಗಿರಿ, ಮಾಕಳಿದುರ್ಗ ಎಲ್ಲ ಬೋಳು ಬಂಡೆ. ಅಲ್ಲಿ ನಿಂತವರೇ ಸುತ್ತಮುತ್ತ ಅತಿ ಎತ್ತರದ ವಸ್ತು. ಈ ಬೆಟ್ಟಗಳನ್ನು ಬೆಳಿಗ್ಗೆ ಐದೂವರೆ ಆರಕ್ಕೆ ಹತ್ತಿ ಹತ್ತು ಗಂಟೆಗೆ ಇಳಿದು ಬಿಡೋದೇ ಚೆಂದ. ರಾತ್ರಿ ವಾಸಕ್ಕೆ ಈ ಎರಡು ತಿಂಗಳು ಬೇಡ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಗುಂಪಿನಲ್ಲಿ ಇಬ್ಬರ ಫೋನಿನಲ್ಲಾದರೂ ಇರಲಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ತುದಿ ಬಿಟ್ಟು ಇಳಿಯಬೇಕು.

ಎಲ್ಲಿ ಮಲಗೋದು?

ನಾಲ್ಕು ದಾರಿ ಇವೆ. ಒಂದೊಂದಕ್ಕೂ ಒಂದೊಂದು ಥರದ ಗುಂಪು ಹೊಂದುತ್ತದೆ.

*ಎಸ್ಟೇಟ್ ಹೋಂಸ್ಟೇ ಅಂಗಳದಲ್ಲಿ ಟೆಂಟ್.* ಮೂಡಿಗೆರೆ, ಸಕಲೇಶಪುರ, ಕಳಸ, ಕಕ್ಕಬ್ಬೆ ಕಡೆ ಇದು ಸುಲಭವಾಗಿ ಸಿಗುತ್ತದೆ. ಎಲ್ಲ ವಯಸ್ಸಿನವರು ಕಲೆತ ಗುಂಪಾದರೆ ನನ್ನ ಮೊದಲ ಆಯ್ಕೆ ಇದೇ. ಟೆಂಟ್ ಇಷ್ಟಪಡುವವರು ಹೊರಗೆ, ಮೊಣಕಾಲು ನೋವಿನವರು ಒಳಗೆ ಮಂಚದ ಮೇಲೆ. ಮಳೆ ಬಂದರೆ ಎಲ್ಲರೂ ಜಗಲಿಗೆ. ಬಚ್ಚಲು ಮನೆಯಲ್ಲಿ ಹಂಡೆ ನೀರು ಕಾದಿರುತ್ತದೆ. ಬೆಳಿಗ್ಗೆ ಅಕ್ಕಿ ರೊಟ್ಟಿಯೋ ಕಡುಬೋ ಬಿಸಿಬಿಸಿ ಬರುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಕಾಫಿ ತೋಟದವರ ಹತ್ತಿರ ಒಂದು ಒಳ್ಳೆ ಚಪ್ಪಟೆ ನೆಲ ಇರುತ್ತೆ: ಕಾಫಿ ಒಣಗಿಸುವ ಕಣ. ಅರೇಬಿಕಾ ಕೊಯ್ಲು ನವೆಂಬರ್ ಹತ್ತಿರ ಶುರುವಾಗುವುದರಿಂದ ಅಕ್ಟೋಬರ್‌ನಲ್ಲಿ ಅದು ಖಾಲಿ. ಕೆಸರಿಲ್ಲ, ನೀರು ನಿಲ್ಲೋಲ್ಲ, ಸುತ್ತ ಮರ ಇಲ್ಲದ ಕಾರಣ ಒಣಕೊಂಬೆ ಬೀಳುವ ಭಯವೂ ಇಲ್ಲ. ಒಂದೇ ತೊಂದರೆ, ಅದು ಸಿಮೆಂಟು. ಗೂಟ ಇಳಿಯೋಲ್ಲ. ಹಾಗಾಗಿ ಗೂಟ ಇಲ್ಲದೆಯೂ ತಾನೇ ನಿಲ್ಲುವ, ಎರಡು ಕಡ್ಡಿ ಅಡ್ಡ ಹಾಯುವ ಗುಮ್ಮಟದ ಥರದ ಟೆಂಟೇ ಬೇಕು. ನಾಲ್ಕು ಮೂಲೆಯ ಹಗ್ಗವನ್ನು ನೀರು ತುಂಬಿದ ಕ್ಯಾನಿಗೋ ದಪ್ಪ ಕಲ್ಲಿಗೋ ಕಟ್ಟಿ. ಗಾಳಿ ಬಂದಾಗ ಖಾಲಿ ಟೆಂಟ್ ಕಣದ ಆಚೆ ಕಾಫಿ ಗಿಡದ ಮೇಲೆ ಕೂತಿರೋದನ್ನ ನೋಡಿದರೆ ನಗು ಬರುತ್ತೆ, ಅದು ನಿಮ್ಮದಲ್ಲದಿದ್ದರೆ. ಅಡಿಕೆ ಬೆಳೆಯುವ ಕಡೆ ಕಣ ಸಿಗುತ್ತೆ ಅಂತ ನಂಬಬೇಡಿ. ಅಲ್ಲಿ ಈ ಹೊತ್ತಿಗೆ ಕೊಯ್ಲು ಶುರುವಾಗಿರುತ್ತದೆ.

ಆನೆ ವಿಷಯ ಕೇಳದೆ ಬುಕ್ ಮಾಡಬೇಡಿ. ಆಲೂರು, ಸಕಲೇಶಪುರ, ಮೂಡಿಗೆರೆ, ಕೊಡಗಿನ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಗದ್ದೆಯಲ್ಲಿ ಭತ್ತ ಹಾಲು ತುಂಬುವ ಕಾಲ ಬೇರೆ. 'ಆನೆ ಬರ್ತಾವಾ?' ಅಂತ ಸುಮ್ನೆ ಕೇಳಿದರೆ 'ಏನೂ ತೊಂದ್ರೆ ಇಲ್ಲ ಸಾರ್, ಬನ್ನಿ' ಅಂತಾರೆ. 'ಈ ವಾರ ಯಾವ ಕಡೆ ಇದಾವೆ?' ಅಂತ ಕೇಳಿ. ಆಗ ನಿಜ ಉತ್ತರ ಬರುತ್ತೆ, ಯಾಕಂದ್ರೆ ಅವರಿಗೆ ಅದು ದಿನದ ಮಾತು. ಹತ್ತಿರದಲ್ಲೇ ಇವೆ ಅಂದರೆ ಆ ರಾತ್ರಿ ಟೆಂಟ್ ಬೇಡ, ಕೋಣೆಯಲ್ಲೇ ಮಲಗಿ. ಹಣ್ಣು, ಉಪ್ಪು, ಬೆಲ್ಲ ಇಂಥದ್ದನ್ನ ಟೆಂಟಿನೊಳಗೆ ಇಟ್ಟುಕೊಳ್ಳೋದು ಯಾವ ತೋಟದಲ್ಲೂ ಬೇಡ.

*ಸರ್ಕಾರಿ ಕ್ಯಾಂಪ್.* ಅರಣ್ಯ ಇಲಾಖೆ ಮತ್ತು ಜಂಗಲ್ ಲಾಡ್ಜಸ್ ಕಡೆಯ ನೇಚರ್ ಕ್ಯಾಂಪ್‌ಗಳು. ಕುದುರೆಮುಖದ ಭಗವತಿ, ಹೆಬ್ರಿ ಹತ್ತಿರದ ಸೀತಾನದಿ, ಬಿಳಿಗಿರಿರಂಗನ ಬೆಟ್ಟದ ಕ್ಯಾತೆದೇವರ ಗುಡಿ, ಹೀಗೆ. ಇಲ್ಲಿನ ಟೆಂಟ್ ಅಂದ್ರೆ ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತ ದಪ್ಪ ಕ್ಯಾನ್ವಾಸಿನ ಕೋಣೆ, ಒಳಗೆ ಮಂಚ. ಊಟದ ಹೊತ್ತು ಅವರದ್ದು, ನಿಯಮ ಅವರದ್ದು. ಬೆಂಕಿ ಎಲ್ಲಿ, ಎಷ್ಟು ಹೊತ್ತು ಅನ್ನೋದೂ ಅವರದ್ದೇ. ಕಾಡಿನೊಳಗೆ ಕಾನೂನಿನ ಪ್ರಕಾರ ರಾತ್ರಿ ಕಳೆಯಬೇಕು ಅಂದ್ರೆ ಇದೊಂದೇ ನೇರ ದಾರಿ. ಚಿಕ್ಕ ಮಕ್ಕಳು, ಅರವತ್ತು ದಾಟಿದವರು ಇರುವ ಕುಟುಂಬಗಳಿಗೆ ತುಂಬಾ ಒಳ್ಳೇದು. ತಲೆಗೆ ಇಷ್ಟು ಅಂತ ಲೆಕ್ಕ ಇರುವುದರಿಂದ ದೊಡ್ಡ ಗುಂಪಿಗೆ ದುಬಾರಿ ಅನ್ನಿಸಬಹುದು. ಊಟ ಸೇರಿರುತ್ತೆ ಅನ್ನೋದನ್ನ ಲೆಕ್ಕಕ್ಕೆ ಹಿಡಿದರೆ ಅಷ್ಟೇನೂ ಅಲ್ಲ. ತೊಂದರೆ ಇರೋದು ಬೇರೆ ಕಡೆ: ದಸರಾ ವಾರಾಂತ್ಯದಲ್ಲಿ ಒಂದೇ ಸಲಕ್ಕೆ ಐದಾರು ಟೆಂಟ್ ಸಿಗೋದು ಕಷ್ಟ. ಆಗಸ್ಟಿನಲ್ಲೇ ನೋಡಬೇಕು.

*ಪ್ಯಾಕೇಜ್.* ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಭಾನುವಾರ ರಾತ್ರಿ ವಾಪಸ್. ಗಾಡಿ, ಟೆಂಟ್, ಗೈಡ್, ಊಟ ಎಲ್ಲ ಅವರದ್ದೇ. ಆಫೀಸಿನ ಗುಂಪಿನಲ್ಲಿ ಜವಾಬ್ದಾರಿ ಹೊರಲು ಯಾರೂ ಮುಂದೆ ಬರದಿದ್ದರೆ ಇದೇ ಸರಿ. ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ:

- ಚಾರಣದ ಅನುಮತಿ ಚೀಟಿ ಯಾರ ಹೆಸರಿನಲ್ಲಿ, ಯಾವಾಗ ಮಾಡಿಸ್ತೀರಿ? ಚೀಟಿಯ ಪ್ರತಿ ನಮಗೆ ಮೊದಲೇ ಕಳಿಸ್ತೀರಾ?
- ಟೆಂಟ್ ಹಾಕುವ ಜಾಗ ಯಾರದ್ದು? ಮ್ಯಾಪಿನಲ್ಲಿ ತೋರಿಸಿ.
- ಆ ರಾತ್ರಿ ಅಲ್ಲಿ ಒಟ್ಟು ಎಷ್ಟು ಜನ, ಶೌಚಾಲಯ ಎಷ್ಟು? ಅದರಲ್ಲಿ ಹೆಂಗಸರಿಗೆ ಬೇರೆ ಇದೆಯಾ?
- ಜೋರು ಮಳೆ ಬಂದರೆ ಮಲಗಲು ಸೂರು ಎಲ್ಲಿ?

ನಾಲ್ಕನೆಯದಕ್ಕೆ 'ಟೆಂಟ್ ವಾಟರ್‌ಪ್ರೂಫ್ ಸಾರ್' ಅಂತ ಉತ್ತರ ಬಂದರೆ ಅಲ್ಲಿಗೆ ಮಾತು ಮುಗಿಸಿ ಬೇರೆಯವರನ್ನ ನೋಡಿ.

*ಎಲ್ಲವೂ ನಮ್ಮದೇ.* ಪರಿಚಯದವರ ತೋಟ ಅಥವಾ ಗದ್ದೆ, ಮಾಲೀಕರ ಒಪ್ಪಿಗೆ, ನಮ್ಮದೇ ಟೆಂಟ್, ನಮ್ಮದೇ ಅಡುಗೆ. ಕೆಲಸ ಜಾಸ್ತಿ, ಮಜವೂ ಜಾಸ್ತಿ. ಆದರೆ ಗುಂಪಿನಲ್ಲಿ ಕನಿಷ್ಠ ಮೂವರಿಗೆ ಕತ್ತಲಲ್ಲಿ ಟೆಂಟ್ ಕಟ್ಟಿ ಅಭ್ಯಾಸ ಇರಬೇಕು. ಎಂಟು ಜನಕ್ಕಿಂತ ಹೆಚ್ಚಿದ್ದರೆ ನಾನು ಇದನ್ನು ಹೇಳೋಲ್ಲ. ಶೌಚದ ವ್ಯವಸ್ಥೆ ಒಂದೇ ಸಾಕು, ಇಡೀ ಪ್ಲಾನ್ ಕುಸಿಯಲು. ಹಳ್ಳದ ದಂಡೆ ನೋಡಲು ಚೆಂದ ಅಂತ ಅಲ್ಲೇ ಟೆಂಟ್ ಹೊಡೆಯೋದಂತೂ ಬೇಡವೇ ಬೇಡ. ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಒಂದು ಹನಿ ಬೀಳದೆಯೂ ನೀರು ಏರುತ್ತದೆ.

ಹಾಗಾದ್ರೆ ಯಾವ ಬೆಟ್ಟ?

ಗುಂಪಿನಲ್ಲಿ ಅತಿ ನಿಧಾನಕ್ಕೆ ನಡೆಯುವವರು ಯಾರು ಅಂತ ನೋಡಿ. ಬೆಟ್ಟ ಆರಿಸಬೇಕಾದದ್ದು ಅವರಿಗೆ.

ಮಿಶ್ರ ಗುಂಪಿಗೆ ಎತ್ತಿನ ಭುಜ ಬಹಳ ಹೊಂದುತ್ತದೆ. ಮೂಡಿಗೆರೆ ಕಡೆಯಿಂದ ಭೈರಾಪುರದ ನಾಣ್ಯ ಭೈರವೇಶ್ವರ ದೇವಸ್ಥಾನದ ತನಕ ಗಾಡಿ ಹೋಗುತ್ತದೆ, ಅಲ್ಲಿಂದ ನಡಿಗೆ ಚಿಕ್ಕದು. ಕೊನೆಯ ಏರು ಮಾತ್ರ ಕಡಿದು. ಮೊಣಕಾಲು ನೋವಿನವರು ಅಲ್ಲೇ ಕೆಳಗಿನ ಹುಲ್ಲುಗಾವಲಿನಲ್ಲಿ ಕೂತರೂ ನೋಟಕ್ಕೆ ಕೊರತೆ ಇಲ್ಲ. ಹಿಂದೆ ಉಳಿದವರಿಗೆ ಬೇಸರವಾಗದ ಬೆಟ್ಟ ಅಂದ್ರೆ ಇದು. ಹಾಗಾಗಿ ದೊಡ್ಡ ಗುಂಪು ಕೇಳಿದಾಗ ನಾನು ಮೊದಲು ಹೇಳೋದು ಇದನ್ನೇ.

ಕುದುರೆಮುಖ ಬೇರೆ ಲೆಕ್ಕ. 1,894 ಮೀಟರ್ ಎತ್ತರ, ಹೋಗಿ ಬರಲು ಸುಮಾರು 20 ಕಿ.ಮೀ. ಕಳಸ, ಸಂಸೆ ಕಡೆಯ ಹೋಂಸ್ಟೇಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ಹತ್ತಬೇಕು. ಹುಲ್ಲುಗಾವಲು, ಶೋಲಾ ಕಾಡು, ಹಳ್ಳ ದಾಟೋದು ಎಲ್ಲ ಒಂದೇ ದಿನದಲ್ಲಿ ಸಿಗುತ್ತದೆ. ರಾಜ್ಯದಲ್ಲಿ ಇದಕ್ಕೆ ಸಾಟಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ವಾರಕ್ಕೆ ಒಂದು ದಿನವೂ ನಡೆಯದ ಒಬ್ಬರು ಗುಂಪಿನಲ್ಲಿ ಇದ್ದರೂ ಎಲ್ಲರ ದಿನ ಕೆಡುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಶೋಲಾದೊಳಗೆ ಐದೂವರೆಗೇ ಕತ್ತಲು. ಶಿಖರ ಕಾಣಲಿ ಬಿಡಲಿ, ಮಧ್ಯಾಹ್ನ ಹನ್ನೆರಡೂವರೆ ಒಂದಕ್ಕೆ ಎಲ್ಲರೂ ತಿರುಗಬೇಕು ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಕುಮಾರ ಪರ್ವತ 1,712 ಮೀಟರ್. ಎತ್ತರ ಕುದುರೆಮುಖಕ್ಕಿಂತ ಕಡಿಮೆ. ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಬುಡ ಬಹಳ ಕೆಳಗಿರುವುದರಿಂದ ಏರು ಜಾಸ್ತಿ. ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ ಅದಕ್ಕಿಂತ ಹಗುರ. ಹಳೆಯ ಚಾರಣಿಗರು ಗಿರಿಗದ್ದೆಯ ಭಟ್ಟರ ಮನೆ ಹತ್ತಿರ ರಾತ್ರಿ ಕಳೆದ ಕಥೆ ಹೇಳ್ತಾರೆ. ಆ ನೆನಪನ್ನ ನಂಬಿ ಟೆಂಟ್ ಹೊತ್ತುಕೊಂಡು ಹೋಗಬೇಡಿ. 2024ರ ಜನವರಿಯ ಜನಜಂಗುಳಿಯ ನಂತರ ರಾಜ್ಯದ ಚಾರಣ ದಾರಿಗಳಿಗೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಎಲ್ಲ ಬಂದಿದೆ. ಮಳೆಗಾಲದಲ್ಲಿ ಮುಚ್ಚಿದ ದಾರಿ ಯಾವಾಗ ತೆರೆಯುತ್ತದೆ ಅನ್ನೋದು ಆ ವರ್ಷದ ಮಳೆಗೆ ಬಿಟ್ಟಿದ್ದು. ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ನೋಡಿ. ಎಲ್ಲರ ಗುರುತಿನ ಚೀಟಿಯ ವಿವರ ಕೈಯಲ್ಲಿಟ್ಟುಕೊಂಡೇ ಬುಕ್ ಮಾಡಲು ಕೂತ್ಕೊಳ್ಳಿ. ಹನ್ನೆರಡು ಜನರ ವಿವರ ಒಬ್ಬೊಬ್ಬರನ್ನೇ ಕೇಳಿ ತುಂಬುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ಬುಡದಲ್ಲೇ 1790ರ ದಶಕದ ನಾಲ್ಕುನಾಡು ಅರಮನೆ ಇದೆ. ಕುದುರೆಮುಖ ಕಷ್ಟ, ಎತ್ತಿನ ಭುಜ ಚಿಕ್ಕದಾಯ್ತು ಅನ್ನುವವರಿಗೆ ಸರಿಯಾದ ನಡುದಾರಿ. ಆದರೆ ತಾರೀಖು ನೋಡಿ ಹೋಗಿ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ ಮೆರವಣಿಗೆ. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ. ಆ ದಿನಗಳಲ್ಲಿ ಕೊಡಗಿನಲ್ಲಿ ಕೋಣೆಯೂ ಸಿಗೋಲ್ಲ, ರಸ್ತೆಯೂ ಸಾಗೋಲ್ಲ. ಕೊಡಚಾದ್ರಿಗೂ ಇದೇ ಮಾತು, ನವರಾತ್ರಿಯಲ್ಲಿ ಕೊಲ್ಲೂರು ತುಂಬಿ ತುಳುಕುತ್ತಿರುತ್ತದೆ. ದಸರಾ ಒಂದೊಂದು ವರ್ಷ ಒಂದೊಂದು ಕಡೆ ಬೀಳುತ್ತದೆ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 2. ರಜೆ ಸಿಕ್ಕಿತು ಅಂತಲ್ಲ, ಆ ರಜೆ ಯಾವ ಮಳೆಗೆ ಬಿತ್ತು ಅಂತ ನೋಡಿ.

ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ್ದು, ಸುಮಾರು 1,930 ಮೀಟರ್. ಆದರೆ ಮೇಲಿನವರೆಗೆ ರಸ್ತೆ ಇದೆ. ವಾರಾಂತ್ಯದಲ್ಲಿ ನೀವು ನೋಡೋದು ಗಿರಿಯಲ್ಲ, ಮುಂದಿನ ಗಾಡಿಯ ಹಿಂಬದಿ. ವಾರದ ನಡುವೆ ರಜೆ ಸಿಕ್ಕರೆ ಸರ್ಪದಾರಿಯಲ್ಲಿ ನಡೆದು ಹತ್ತಿ.

ಊಟಿ, ಕೊಡೈಕೆನಾಲ್ ಕಡೆ ಹೋಗೋಣ ಅನ್ನುವವರಿಗೆ ಎರಡು ಮಾತು. ಅಲ್ಲಿ ಅಕ್ಟೋಬರ್ ಕೊನೆಯಿಂದ ಹಿಂಗಾರು ಜೋರು, ಅಂದ್ರೆ ನಮ್ಮಲ್ಲಿ ಮಳೆ ಇಳಿಯುವಾಗ ಅಲ್ಲಿ ಏರುತ್ತದೆ. 2024ರ ಮೇ ತಿಂಗಳಿಂದ ಎರಡೂ ಊರಿಗೆ ಇ-ಪಾಸ್ ಬೇಕು. ಜೊತೆಗೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಶುಕ್ರವಾರ ಆಫೀಸ್ ಮುಗಿಸಿ ಹೊರಡುವ ಗುಂಪಿಗೆ ಇದು ನೇರ ಏಟು.

ಟೆಂಟ್: ಕೊಳ್ಳೋದೋ, ಬಾಡಿಗೆಗೋ?

ವರ್ಷಕ್ಕೆ ಒಂದು ಸಲ ಹೋಗುವವರು ಕೊಳ್ಳಬೇಡಿ. ಹೋಂಸ್ಟೇಯವರ ಹತ್ತಿರವೇ ಇರುತ್ತದೆ, ಇಲ್ಲದಿದ್ದರೆ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಆದರೆ ಬಾಡಿಗೆ ಟೆಂಟನ್ನು ಮನೆಯ ತಾರಸಿಯ ಮೇಲೆ ಒಂದು ಸಲ ಪೂರ್ತಿ ಬಿಡಿಸಿ ನೋಡಿ. ಕಡ್ಡಿ ಸೀಳಿದೆಯಾ, ಜಿಪ್ ಕೂರುತ್ತಾ, ಮೇಲಿನ ಹೊದಿಕೆ ಇದೆಯಾ ಅಂತ. ಆ ಹೊದಿಕೆಯ ಹೊಲಿಗೆಗಳ ಮೇಲೆ ಒಳಗಡೆ ಅಂಟಿಸಿದ ಪಟ್ಟಿ ಎದ್ದು ಬಂದಿದ್ದರೆ ಅದು ಸೋರುತ್ತೆ. ಬೇರೆ ಪರೀಕ್ಷೆ ಬೇಡ. ಕೊಳ್ಳುವವರು ಚೀಟಿಯಲ್ಲಿ ನೀರು ತಡೆಯುವ ಅಂಕಿ ನೋಡಿ, ಅಂದ್ರೆ ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತೆ ಅನ್ನೋದು. ನಮ್ಮ ಹಿಂಗಾರಿಗೆ ಮೇಲಿನ ಹೊದಿಕೆ 2,000 ಮಿ.ಮೀ. ಆದರೂ ಇರಲಿ, ತಳ ಅದಕ್ಕಿಂತ ಹೆಚ್ಚು. 'ಮೂರು ಜನರ ಟೆಂಟ್' ಅಂದ್ರೆ ಇಬ್ಬರು ಮತ್ತು ಅವರ ಬ್ಯಾಗು. ಹನ್ನೆರಡು ಜನಕ್ಕೆ ಅಂಥ ಆರು ಬೇಕು, ನಾಲ್ಕಲ್ಲ.

ಬೆಳಿಗ್ಗೆ ಎದ್ದಾಗ ಟೆಂಟಿನ ಒಳಗೋಡೆ ಒದ್ದೆಯಾಗಿರುತ್ತದೆ. ಕೈ ತಾಗಿಸಿದರೆ ಹನಿ ಜಾರಿ ಕತ್ತಿನ ಮೇಲೆ ಬೀಳುತ್ತದೆ. ರಾತ್ರಿ ಮಳೆಯೇ ಬಂದಿಲ್ಲ, ಆದರೂ 'ಸೋರ್ತು' ಅಂತ ಟೆಂಟನ್ನು ಬೈಯೋದು ಶುರು. ಅದು ಸೋರಿಕೆಯಲ್ಲ, ಒಳಗೆ ಮಲಗಿದವರ ಉಸಿರು. ಅಕ್ಟೋಬರ್‌ನ ತಿಳಿ ರಾತ್ರಿಯಲ್ಲಿ ಹೊರಗಿನ ಬಟ್ಟೆ ತಣ್ಣಗಾಗಿ ಒಳಗಿನ ಹಬೆ ಅಲ್ಲಿ ನೀರಾಗುತ್ತದೆ. ಚಳಿ ಅಂತ ಎಲ್ಲ ಕಿಂಡಿ ಮುಚ್ಚಿದಷ್ಟೂ ಜಾಸ್ತಿ ಒದ್ದೆ. ಎದುರುಬದುರು ಎರಡು ಜಿಪ್ಪನ್ನು ನಾಲ್ಕು ಬೆರಳಷ್ಟು ತೆರೆದಿಡಿ, ಕಂಬಳಿ ಒಂದು ಹೆಚ್ಚಿಗೆ ಹೊದೆಯಿರಿ.

ಟೆಂಟಿಗಿಂತ ಮುಖ್ಯವಾದ ಒಂದು ವಸ್ತು ಇದೆ, ಯಾರೂ ಪಟ್ಟಿಗೆ ಸೇರಿಸೋಲ್ಲ: ದೊಡ್ಡ ಟಾರ್ಪಾಲು. ನಾಲ್ಕು ಮರಕ್ಕೆ ಓರೆಯಾಗಿ ಕಟ್ಟಿದರೆ ಹನ್ನೆರಡು ಜನ ಕೂತು ಊಟ ಮಾಡಬಹುದು. ಸಂಜೆ ಏಳರಿಂದ ಹತ್ತರವರೆಗೆ ಮಳೆ ಹಿಡಿದರೆ ಎರಡೆರಡು ಜನ ಒಂದೊಂದು ಟೆಂಟಿನೊಳಗೆ ಕೂರೋದು ಪ್ರವಾಸವೇ ಅಲ್ಲ.

ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ, ಎಣ್ಣೆ ಕಲಸಿ ಹಚ್ಚೋದು ಮಲೆನಾಡಿನ ಪದ್ಧತಿ. ಅಂಗಡಿಯಲ್ಲಿ ಸಿಗುವ ಒತ್ತು ನೇಯ್ಗೆಯ ಉದ್ದ ಕಾಲುಚೀಲವೂ ನಡೆಯುತ್ತದೆ. ಎರಡರಲ್ಲಿ ಕಾಲುಚೀಲ ಉತ್ತಮ, ಹಳ್ಳ ದಾಟಿದ ಮೇಲೂ ಕೆಲಸ ಮಾಡುತ್ತದೆ.

ಗಾಡಿ

ಎರಡು ಕಾರಾ, ಟಿಟಿನಾ (ಟೆಂಪೊ ಟ್ರಾವೆಲರ್), ಸರ್ಕಾರಿ ಬಸ್ಸಾ? ಎಂಟು ಜನರ ಒಳಗೆ ಕಾರು. ಹತ್ತಕ್ಕೆ ಮೇಲೆ ಟಿಟಿ. ಹನ್ನೆರಡು ಸೀಟಿನ ಟಿಟಿಗೆ ಹನ್ನೆರಡು ಜನ ಅಂತ ಲೆಕ್ಕ ಹಾಕಬೇಡಿ. ಟೆಂಟು, ಮ್ಯಾಟು, ಪಾತ್ರೆ ಹಾಕಿದರೆ ಹತ್ತಕ್ಕೆ ಸರಿಯಾಗುತ್ತದೆ. ಬಾಡಿಗೆ ಮಾತಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು ಇವನ್ನೆಲ್ಲ ಬಾಯಿಮಾತಲ್ಲಿ ಬಿಡದೆ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಡ್ರೈವರಣ್ಣನಿಗೆ ಮಲಗಲು ಜಾಗ ಇದೆಯಾ ಅಂತ ಹೋಂಸ್ಟೇಯವರನ್ನು ಮೊದಲೇ ಕೇಳಿ. ಘಟ್ಟ ಇಳಿಸಬೇಕಾದವರು ಗಾಡಿ ಸೀಟಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ರಾತ್ರಿ ಕಳೆಯೋದು ಯಾರಿಗೂ ಒಳ್ಳೇದಲ್ಲ.

ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಗ್ಗೆ ನೇರ ಬೆಟ್ಟ ಹತ್ತೋದು ಈಗ ಪದ್ಧತಿಯೇ ಆಗಿದೆ. ನನಗೆ ಒಪ್ಪಿಗೆ ಇಲ್ಲ. ನಿದ್ದೆಗೆಟ್ಟ ಕಾಲು ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟರೆ ಮೂಡಿಗೆರೆ ಕಡೆಗೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪುತ್ತೀರಿ. ಸಂಜೆ ತೋಟ ಸುತ್ತಿ, ಭಾನುವಾರ ಬೆಳಿಗ್ಗೆ ಚಿಕ್ಕ ಬೆಟ್ಟ. ಕುದುರೆಮುಖವೇ ಆಗಬೇಕು ಅಂದರೆ ಒಂದು ದಿನ ರಜೆ ಹೆಚ್ಚಿಗೆ ಹಾಕಿ, ಅಥವಾ ಕಳಸ, ಹೊರನಾಡಿನ ರಾತ್ರಿ ಬಸ್ಸಿನಲ್ಲಿ ಹೋಗಿ ಮೊದಲ ದಿನ ಸುಮ್ನೆ ಮಲಗಿ.

ಅಡುಗೆ ವಿಷಯ ಬೇಗ ಮುಗಿಸುತ್ತೇನೆ: ಎರಡು ಊಟ ಹೋಂಸ್ಟೇಯವರಿಗೆ ಬಿಡಿ, ಒಂದೇ ಒಂದನ್ನು ನೀವು ಮಾಡಿ. ರಾತ್ರಿಯದ್ದಲ್ಲ, ಬೆಳಗಿನದ್ದು. ಉಪ್ಪಿಟ್ಟು, ಚಹಾ. ಬೆಳಕಿರುತ್ತದೆ, ಹಸಿವು ಹದವಾಗಿರುತ್ತದೆ, ಜಗಳ ಕಡಿಮೆ.

ಹಿಮಾಲಯಕ್ಕೇ ಹೋದರೆ?

ಕನ್ನಡಿಗರ ಗುಂಪುಗಳು ಈಗ ಇದನ್ನೂ ಜಾಸ್ತಿ ಕೇಳುತ್ತಿವೆ. ನಿಜಕ್ಕೂ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಉತ್ತರಾಖಂಡದಲ್ಲಿ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಅಲ್ಲಿ ಬಯಲಲ್ಲೇ ಟೆಂಟ್ ಹಾಕುವ ಭಾಗ್ಯವೂ ಇದೆ, ಆದರೂ ಎಲ್ಲ ಕಡೆ ಅಲ್ಲ. ಬುಗ್ಯಾಲ್ ಅನ್ನುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು.

ಖರ್ಚಿಗಿಂತ ದೊಡ್ಡ ವ್ಯತ್ಯಾಸ ಎತ್ತರದ್ದು. ಹರ್ ಕಿ ದೂನ್ 3,500 ಮೀಟರಿಗೂ ಮೇಲೆ, ಕೇದಾರಕಂಠ 3,800ರ ಹತ್ತಿರ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡರಷ್ಟು. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗಾದರೂ ಬರಬಹುದು, ದಿನಾ ಓಡುವವರಿಗೂ. 3,000 ದಾಟಿದರೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಆರು ದಿನದ ರಜೆಯಲ್ಲಿ ಹೋಗಿಬರುವ ಎರಡು ದಿನ ಕಳೆದು ಉಳಿದಿದ್ದರಲ್ಲಿ ಇದನ್ನು ಹೊಂದಿಸೋದು ಕಷ್ಟ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ದಾರಿಯಲ್ಲಿ ಹವೆ ಕೆಟ್ಟು ಕರ್ನಾಟಕದಿಂದ ಹೋದ ತಂಡದ 9 ಮಂದಿ ತೀರಿಕೊಂಡರು. ಅಲ್ಲಿ ಕೆಟ್ಟ ಹವೆಗೆ ಓಡಿ ಸೇರಲು ಜಗಲಿ ಇಲ್ಲ.

ಮೊದಲ ಸಲದ ಗುಂಪಿಗೆ 3,000 ಮೀಟರಿನ ಆಸುಪಾಸಿನ ನಾಗ್ ಟಿಬ್ಬಾದಂಥದ್ದು ಸಾಕು. ಒಲೆಯ ಗ್ಯಾಸ್ ಡಬ್ಬಿ ವಿಮಾನದಲ್ಲೂ ಬಿಡೋಲ್ಲ, ರೈಲಿನಲ್ಲೂ ಬಿಡೋಲ್ಲ, ಡೆಹ್ರಾಡೂನ್‌ನಲ್ಲೇ ಕೊಳ್ಳಿ. ಬರೀ ಬ್ಯುಟೇನ್ ಇರೋದು ಬೇಡ. ಸೊನ್ನೆ ಡಿಗ್ರಿ ಹತ್ತಿರ ಅದು ಉರಿಯೋಕೆ ತಕರಾರು ಮಾಡುತ್ತದೆ.

ದುಡ್ಡು ಮತ್ತು ರದ್ದು

ಹೋಂಸ್ಟೇ ಬುಕ್ ಮಾಡುವಾಗ 'ಮಳೆಗೆ ದಾರಿ ಮುಚ್ಚಿದರೆ ದುಡ್ಡು ವಾಪಸ್ ಕೊಡ್ತೀರಾ?' ಅಂತ ಕೇಳಿದರೆ ಮಾತು ಬಿಗಿಯುತ್ತದೆ. 'ತಾರೀಖು ಮುಂದಕ್ಕೆ ಹಾಕಿಕೊಡ್ತೀರಾ?' ಅಂತ ಕೇಳಿ. ಹೆಚ್ಚಿನವರು ಹೂಂ ಅಂತಾರೆ. ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆಯನ್ನು ಬುಧವಾರದಿಂದ ನೋಡುತ್ತಾ ಬನ್ನಿ. ಹಳದಿ ಇದ್ದರೆ ಸೂರಿನ ವ್ಯವಸ್ಥೆ ನೋಡಿಕೊಂಡು ಹೊರಡಬಹುದು. ಕಿತ್ತಳೆ ಅಂದ್ರೆ ದಿನಕ್ಕೆ 115 ಮಿ.ಮೀ. ಮೀರುವ ಮಳೆಯ ಮಾತು, ಬೆಟ್ಟ ಬಿಟ್ಟುಬಿಡಿ. ಕೆಂಪಾದರೆ ಮನೆಯಲ್ಲೇ ಇರಿ. ಶಿರಾಡಿ, ಚಾರ್ಮಾಡಿ ಘಟ್ಟದಲ್ಲಿ ಮಣ್ಣು ಕುಸಿದರೆ ವಾಪಸ್ ಬರೋದೇ ಒಂದು ದಿನದ ಕೆಲಸ.

ಹೋಗೋದಾ ಬೇಡವಾ ಅನ್ನುವ ಕೊನೆಯ ಮಾತು ಒಬ್ಬರದ್ದೇ ಇರಲಿ, ಆ ಒಬ್ಬರು ಯಾರು ಅಂತ ಅಡ್ವಾನ್ಸ್ ಕಟ್ಟುವ ಮೊದಲೇ ಗುಂಪಿನಲ್ಲಿ ಬರೆದುಬಿಡಿ. ಹನ್ನೆರಡು ಜನರ ಮತದಾನದಲ್ಲಿ ಮಳೆ ಯಾವತ್ತೂ ಸೋಲುತ್ತದೆ, ಎಲ್ಲರಿಗೂ ಹೋಗಲೇಬೇಕು ಅಂತ ಇರುತ್ತೆ ಅಲ್ವಾ? ಇನ್ನು ದುಡ್ಡು: ತಲೆಗೆ ಅಂದಾಜು ಖರ್ಚಿನ ಅರ್ಧವನ್ನು ಗಾಡಿ ಬುಕ್ ಮಾಡುವ ದಿನವೇ ಯುಪಿಐಯಲ್ಲಿ ತಗೊಳ್ಳಿ. ದುಡ್ಡು ಕಳಿಸಿದವರ ಹೆಸರಿಗೆ ಮಾತ್ರ ಸೀಟು. 'ನಾನೂ ಬರ್ತೀನಿ' ಅಂತ ಹೆಬ್ಬೆರಳು ತೋರಿಸಿದವರಲ್ಲಿ ಮೂರು ನಾಲ್ಕು ಜನ ಅಲ್ಲೇ ಉದುರುತ್ತಾರೆ. ಟಿಟಿ ಬೇಕೋ ಎರಡು ಕಾರು ಸಾಕೋ ಅನ್ನೋದು ಆಗ ತಾನಾಗೇ ಗೊತ್ತಾಗುತ್ತದೆ.